ಒಲೆಗೆ ಹೇಳುವ ಮಾತು

ಒಲೆಯ ಜೊತೆ ಹೆಂಗಸರು ಏನು ಮಾತಾಡುತ್ತಾರೆ ಎಂದು ಕೇಳಿಕೊಂಡು ಊರೂರು ತಿರುಗುವುದೇ ಒಂದು ಕಾಲಕ್ಕೆ ನನ್ನ ಉದ್ಯೋಗವಾಗಿತ್ತು ಎಂದರೆ ಜನ ನನ್ನ ಮುಖ ನೋಡುತ್ತಾರೆ. ಅದಕ್ಕೆ ಸಂಬಳವನ್ನೂ ಕೊಡುತ್ತಿದ್ದರು ಎಂದರೆ ಇನ್ನೊಮ್ಮೆ ನೋಡುತ್ತಾರೆ. ಚಿತ್ರದುರ್ಗದಲ್ಲಿ ಒಂದು ಮೆಡಿಕಲ್ ಅಂಗಡಿಯ ಮಹಡಿಯ ಮೇಲೆ ನಮ್ಮ ಆಫೀಸು. ಅಲ್ಲಿ ನಾವು ಮಾಡುತ್ತಿದ್ದುದು ಮೊಬೈಲಿನ ಒಂದು ಆ್ಯಪ್. ಕರೆಂಟಿನ ಒಲೆ, ಅನ್ನದ ಕುಕ್ಕರ್, ಮಿಕ್ಸಿ ಎಲ್ಲವನ್ನೂ ಫೋನಿನಿಂದಲೇ ಹಚ್ಚುವ, ನಿಲ್ಲಿಸುವ, ಹೆಚ್ಚು ಕಡಿಮೆ ಮಾಡುವ ಆ್ಯಪ್. ಈ ಸಾಮಾನುಗಳನ್ನು ತಯಾರಿಸುವ ಕಂಪನಿ ದೂರದ್ದು. ಕನ್ನಡದ ಕೆಲಸ ಮಾತ್ರ ನಮ್ಮ ಪಾಲಿಗೆ ಬಂದಿತ್ತು. ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಅದರ ಮೇಲೆ ಏನು ಬರೆದಿರಬೇಕು, ಬಾಯಿಬಿಟ್ಟು ಹೇಳಿದರೆ ಒಲೆ ಯಾವ ಮಾತಿಗೆ ಏನು ಮಾಡಬೇಕು, ಇದನ್ನೆಲ್ಲ ಯೋಚಿಸುವವಳು ನಾನು.

ಆಫೀಸಿನ ಯಜಮಾನರು ಹೊಸದುರ್ಗದವರು. ಒಳ್ಳೆಯ ಮನುಷ್ಯ, ಆದರೆ ಅಡುಗೆಮನೆಗೆ ನೀರು ಕುಡಿಯಲು ಬಿಟ್ಟರೆ ಬೇರೆ ಕೆಲಸಕ್ಕೆ ಕಾಲಿಟ್ಟವರಲ್ಲ. ಒಲೆಗೆ ಮನುಷ್ಯರು ಹೇಳಬೇಕಾದ್ದು ‘ಆನ್’ ಮತ್ತು ‘ಆಫ್’ ಎರಡೇ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಕೋಡ್ ಬರೆಯುವವಳು ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆಯ ಹುಡುಗಿ. ಕನ್ನಡದ ನಡುವೆ ತೆಲುಗು ನುಸುಳುತ್ತಿತ್ತು, ಸಿಟ್ಟು ಬಂದರೆ ಪೂರ್ತಿ ತೆಲುಗೇ. ನನ್ನನ್ನು ಅಕ್ಕ ಅನ್ನುತ್ತಿದ್ದಳು. ನನ್ನ ಕೆಲಸವನ್ನು ನೋಡಿ ನಗುತ್ತಿದ್ದಳು. ನಾನು ಊರಿಂದ ಊರಿಗೆ ಹೋಗಿ ಹೆಂಗಸರ ಮಾತನ್ನು ರೆಕಾರ್ಡ್ ಮಾಡಿಕೊಂಡು ಬಂದರೆ ಅವಳು ಅದನ್ನು ಆ್ಯಪ್‌ಗೆ ಕಲಿಸುತ್ತಿದ್ದಳು. ಮಗುವಿಗೆ ಮಾತು ಕಲಿಸಿದ ಹಾಗೆ ಅಂತ ನಾನು ಹೇಳಿದರೆ, ಮಗುವಾದರೆ ಒಂದು ಸಲ ಬೈದರೆ ಕಲಿಯುತ್ತದೆ ಅನ್ನುತ್ತಿದ್ದಳು.

ಆ ತಿರುಗಾಟ ನನಗೆ ಬಹಳ ಇಷ್ಟವಾಗಿತ್ತು. ಧರ್ಮಪುರದಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದ ಹೆಂಗಸರನ್ನು, ಅಡುಗೆಯಾದ ಮೇಲೆ ಒಲೆಗೆ ಏನು ಹೇಳುತ್ತೀರಿ ಎಂದು ಕೇಳಿದ್ದಕ್ಕೆ ಒಬ್ಬಾಕೆ, ಒಲೆಗೆ ಏನೂ ಹೇಳಲ್ಲ, ಗಂಡನಿಗೆ ಹೇಳ್ತೀನಿ, ಗ್ಯಾಸು ಖಾಲಿಯಾಗ್ತಾ ಬಂತು ಅಂತ ಎಂದಳು. ಉಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಒಂದೊಂದೇ ಮಾತು ಬಂತು. ಬಂದ್ ಮಾಡು, ಆಫ್ ಮಾಡು, ತಿರುವು, ಸಣ್ಣಗೆ ಮಾಡು. ಶ್ರೀರಾಂಪುರದಲ್ಲಿ ಒಬ್ಬ ಮುದುಕಿ ಉರಿ ಕಡಿಮೆ ಮಾಡುವುದಕ್ಕೆ ‘ಹಿಂದಕ್ಕೆ ಎಳಿ’ ಅಂದಳು. ಅವಳ ಮನೆಯಲ್ಲಿ ಗ್ಯಾಸು ಬಂದು ಎಷ್ಟೋ ಕಾಲವಾಗಿದ್ದರೂ ಬಾಯಲ್ಲಿ ಇನ್ನೂ ಸೌದೆ ಒಲೆಯೇ ಉರಿಯುತ್ತಿತ್ತು. ಆಫೀಸಿಗೆ ಬಂದು ಆ ಮಾತನ್ನೂ ಸೇರಿಸಬೇಕು ಎಂದೆ. ಯಜಮಾನರು, ಕರೆಂಟಿನ ಒಲೆಯಿಂದ ಏನನ್ನಮ್ಮ ಹಿಂದಕ್ಕೆ ಎಳೆಯೋದು ಎಂದು ಕೇಳಿದರು. ನನಗೆ ರೇಗಿತು. ಅದು ಅವರ ತಪ್ಪಲ್ಲ. ಅವರು ಒಲೆಯ ಮುಂದೆ ಕೂತು ಬೆಳೆದವರಲ್ಲ, ನಾನು ಬೆಳೆದವಳು.

ನಾನು ಬೆಳೆದದ್ದು ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಲ್ಲಿ, ನನ್ನ ದೊಡ್ಡಮ್ಮನ ಅಡುಗೆಮನೆಯಲ್ಲಿ. ದೊಡ್ಡಮ್ಮ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಅಮ್ಮ ದೂರದ ಊರಿನ ಶಾಲೆಯಲ್ಲಿ ಟೀಚರು, ಅಪ್ಪ ಬಸ್ಸಿನ ಡ್ರೈವರು, ಇಬ್ಬರೂ ಒಂದು ಕಡೆ ನಿಂತವರಲ್ಲ. ಹಾಗಾಗಿ ನಾನು ಹೈಸ್ಕೂಲು ಮುಗಿಸುವ ತನಕ ರಾಮಗಿರಿಯಲ್ಲೇ ಇದ್ದೆ. ಹೆತ್ತವಳು ಅಮ್ಮ, ಸಾಕಿದವಳು ದೊಡ್ಡಮ್ಮ. ಇದನ್ನು ಅಮ್ಮನೂ ಹೇಳುತ್ತಿದ್ದಳು, ಬೇಸರವಿಲ್ಲದೆ.

ಆ ಅಡುಗೆಮನೆಯಲ್ಲಿ ಗೋಡೆಗೆ ಒತ್ತಿಕೊಂಡು ಮಣ್ಣಿನ ಒಲೆ ಇತ್ತು. ಪಕ್ಕದಲ್ಲಿ ಕೋಡೊಲೆ, ಅಂದರೆ ದೊಡ್ಡ ಒಲೆಯ ಬಿಸಿಯನ್ನೇ ಹಂಚಿಕೊಳ್ಳುವ ಮರಿ ಒಲೆ. ಅದರ ಮೇಲೆ ಸ್ನಾನದ ನೀರೋ ಹಾಲೋ ತನ್ನಷ್ಟಕ್ಕೆ ಕಾಯುತ್ತಿರುತ್ತಿತ್ತು. ದೊಡ್ಡಮ್ಮ ಊದುಗೊಳವೆ ಹಿಡಿದು ಊದಿದರೆ ಬೂದಿಯ ಒಳಗಿನಿಂದ ಕೆಂಡ ಕಣ್ಣು ಬಿಡುತ್ತಿತ್ತು. ರೈಲು ಸ್ಟೇಷನ್ನಿನಲ್ಲಿ ಬೆಳಗಿನ ಗಾಡಿ ಕೂಗುವ ಹೊತ್ತಿಗೆ ಎಸರು ಕುದಿಯಬೇಕು, ಇದು ಅವಳ ಲೆಕ್ಕ. ಗಾಡಿ ತಡವಾದರೆ ಅಡುಗೆಯೂ ತಡ. ನಾವು ಶಾಲೆಗೆ ತಡವಾಗಿ ಹೋಗಿ, ರೈಲು ಲೇಟು ಸಾರ್ ಎಂದರೆ ಮೇಷ್ಟರು ನಡೆದು ಬರುವ ಮಕ್ಕಳಿಗೆ ಯಾವ ರೈಲು ಎಂದು ಹೊಡೆಯುತ್ತಿದ್ದರು.

ಅಡುಗೆಯೆಲ್ಲ ಮುಗಿದ ಮೇಲೆ ಅವಳು ಸೌದೆ ಹಿಂದಕ್ಕೆ ಎಳೆದು, ಕೆಂಡದ ಮೇಲೆ ಬೂದಿ ಮುಚ್ಚುತ್ತಿದ್ದಳು. ಮಾರನೆಯ ದಿನ ಅದೇ ಕೆಂಡದಿಂದ ಮತ್ತೆ ಒಲೆ. ಒಲೆ ಆರಿಸಿದೆ ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ‘ಒಲೆ ದೊಡ್ಡದು ಮಾಡಿದೆ’ ಅನ್ನಬೇಕು. ದೇವರ ದೀಪಕ್ಕೂ ಅದೇ ಮಾತು. ಅಕ್ಕಿ ಮುಗಿದರೆ ಅಕ್ಕಿ ತುಂಬೈತೆ, ಬಳೆ ಒಡೆದರೆ ಬಳೆ ಹೆಚ್ಚಾತು. ಇಲ್ಲ, ಮುಗಿತು, ಆರಿತು ಎಂಬ ಮಾತುಗಳಿಗೆ ಅಡುಗೆಮನೆಯ ಒಳಗೆ ಪ್ರವೇಶವಿರಲಿಲ್ಲ. ಚಿಕ್ಕವಳಿದ್ದಾಗ ಇದೆಲ್ಲ ನನಗೆ ಎಷ್ಟು ಸಹಜವಾಗಿತ್ತೆಂದರೆ, ಅದು ಉಲ್ಟಾ ಮಾತು ಎಂದು ಒಂದು ಸಲವೂ ಅನಿಸಿರಲಿಲ್ಲ.

ಅವಳು ಬಡಿಸುವ ರೀತಿಯೂ ಹಾಗೇ, ಯಾರ ಮಾತನ್ನೂ ಕೇಳುವುದಲ್ಲ. ತಟ್ಟೆಗೆ ಅಡ್ಡ ಕೈ ಹಿಡಿದು ಸಾಕು ದೊಡ್ಡಮ್ಮ ಎಂದರೆ ಬೆರಳುಗಳ ಸಂದಿಯಲ್ಲೇ ಸಾರು ಬಿಡುತ್ತಿದ್ದಳು. ಸಾಕು ಅನ್ನೋದು ನಾಲಿಗೆ ಮಾತು, ಹೊಟ್ಟೇದು ನನಗೆ ಗೊತ್ತೈತೆ ಅನ್ನುತ್ತಿದ್ದಳು. ಬಿಸಿ ಮುದ್ದೆಯ ಮೇಲೆ ಹುರುಳಿ ಕಟ್ಟಿನ ಸಾರು, ಅಂಚಿನಲ್ಲಿ ಒಂದಿಷ್ಟು ಕಡಲೆಕಾಯಿ ಚಟ್ನಿ. ಬರೆಯುವಾಗ ಈಗಲೂ ಬಾಯಲ್ಲಿ ನೀರು ಬರುತ್ತದೆ, ಅದರ ಜೊತೆಗೆ ಕಣ್ಣಲ್ಲೂ.

ನಾನು ಆ್ಯಪ್ ಮಾಡುವ ಕಾಲಕ್ಕೆ ಮಣ್ಣಿನ ಒಲೆ ಹೋಗಿ ಕಟ್ಟೆ, ಗ್ಯಾಸು ಬಂದಿತ್ತು. ದೊಡ್ಡಪ್ಪ ತೀರಿಹೋಗಿದ್ದರು. ಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಮಕ್ಕಳು, ಮನೆ ತುಂಬಾ ಜನ. ಅತ್ತಿಗೆ ಅಂದರೆ ದೊಡ್ಡಮ್ಮನ ಸೊಸೆ, ಮಾತಿನಲ್ಲಿ ಒರಟು, ಕೈಯಲ್ಲಿ ಧಾರಾಳ. ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಕಣ್ಣು ಮಂಜಾಗುತ್ತ ಹೋಯಿತು. ಮುಖಗಳು ಆಕಾರವಾದವು, ಆಕಾರಗಳು ನೆರಳಾದವು. ಆದರೂ ಅಡುಗೆ ಬಿಡಲಿಲ್ಲ. ಉಪ್ಪು ಖಾರವೆಲ್ಲ ಕೈಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಸೆರಗಿಗೆ ಗ್ಯಾಸಿನ ಉರಿ ತಾಗಿತು. ಅತ್ತಿಗೆ ಪಕ್ಕದಲ್ಲೇ ಇದ್ದಳು, ಕೊಡದ ನೀರನ್ನೇ ಸುರಿದಳು. ಮೊಣಕೈ ಹತ್ತಿರ ಸ್ವಲ್ಪ ಸುಟ್ಟು ಅಷ್ಟಕ್ಕೇ ಹೋಯಿತು. ಅವತ್ತಿನಿಂದ ಅತ್ತಿಗೆ ಲೈಟರನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದಳು.

ಅದರಲ್ಲಿ ಅತ್ತಿಗೆಯದೇನೂ ತಪ್ಪಿಲ್ಲ. ಸೊಸೆ ಇದ್ದೂ ಅತ್ತೆ ಸುಟ್ಟುಕೊಂಡಳು ಎಂದರೆ ಊರು ಏನೇನು ಆಡುತ್ತದೆ ಎಂದು ಅವಳಿಗೆ ಗೊತ್ತು. ಅದಕ್ಕಿಂತ ಹೆಚ್ಚಾಗಿ ಅವಳು ನಿಜಕ್ಕೂ ಹೆದರಿದ್ದಳು. ಆದರೆ ದೊಡ್ಡಮ್ಮ ಮಾತ್ರ ಒಣಗತೊಡಗಿದಳು. ಹೊತ್ತು ಹೊತ್ತಿಗೆ ಕೂತಲ್ಲಿಗೇ ತಟ್ಟೆ ಬರುತ್ತಿತ್ತು. ಅವಳು ಅರ್ಧ ತಿಂದು ಸರಿಸುತ್ತಿದ್ದಳು. ಬಾಗಿಲ ಪಕ್ಕದ ಗೋಡೆಗೆ ಒರಗಿ, ಅಡುಗೆಮನೆಯ ಸದ್ದು ಕೇಳುತ್ತ, ಒಗ್ಗರಣೆ ಸೀದು ಹೋಗ್ತೈತೆ ನೋಡು ಎಂದು ಕೂಗುತ್ತಿದ್ದಳು. ಸೀದು ಹೋಗುತ್ತಿದ್ದುದೂ ನಿಜ, ಅತ್ತಿಗೆಗೆ ಸಿಟ್ಟು ಬರುತ್ತಿದ್ದುದೂ ನಿಜ. ನಾನು ಹೋದಾಗ ಒಮ್ಮೆ ನನ್ನ ಕೈ ಹಿಡಿದುಕೊಂಡು ದೊಡ್ಡಮ್ಮ ಹೇಳಿದಳು, “ಉಣ್ಣಾಕೆ ಒಂದು ತಟ್ಟೆ ಕೊಟ್ಟವ್ರೆ ಕಣವ್ವ. ಉಣ್ಣಿಸಾಕೆ ಏನೂ ಇಲ್ಲ ನನ್ನ ಕೈಯಾಗೆ.”

ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ವಾಪಸು ಬರುವಾಗ ಹೊಳಲ್ಕೆರೆ ದಾಟುವ ತನಕ ಅದೇ ಮಾತು ತಲೆಯಲ್ಲಿ. ಆಮೇಲೆ ಹೊಳೆಯಿತು. ನಾನು ಮಾತು ಕಲಿಸುತ್ತಿರುವ ಒಲೆಗೆ ಬೆಂಕಿಯೇ ಇಲ್ಲ. ಸೆರಗು ತಾಗಿದರೂ ಹತ್ತಿಕೊಳ್ಳುವುದಿಲ್ಲ. ಗುಂಡಿ ಕಾಣದಿದ್ದರೂ ಚಿಂತೆಯಿಲ್ಲ, ಬಾಯಲ್ಲಿ ಹೇಳಿದರೆ ಸಾಕು. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ ಅನ್ನುವ ಹಾಗೆ ಅಲ್ಲಿಯವರೆಗೆ ದೊಡ್ಡಮ್ಮನ ಚಿಂತೆ ಒಂದು, ನನ್ನ ಆ್ಯಪ್‌ನ ಚಿಂತೆ ಒಂದು ಆಗಿತ್ತು. ಈಗ ಎರಡೂ ಒಂದೇ ಆದವು. ಯಜಮಾನರನ್ನು ಕೇಳಿದೆ. ಪ್ರಯೋಗಕ್ಕೆ ಬಂದಿದ್ದ ಒಲೆಯೊಂದನ್ನು ಕೊಟ್ಟರು. ಒಲೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ರಾಮಗಿರಿಗೆ ಹೋದೆ. ಪಕ್ಕದ ಸೀಟಿನವರು ಟಿ.ವಿ.ಯಾ ಎಂದು ಕೇಳಿದರು. ಒಲೆ ಎಂದೆ. ತವರಿಗೆ ಒಲೆ ಹೊತ್ತುಕೊಂಡು ಹೋಗುವ ಮಗಳನ್ನು ಮೊದಲ ಸಲ ನೋಡ್ತಿದೀನಿ ಎಂದರು.

ಅತ್ತಿಗೆ ಒಪ್ಪಲು ಬಹಳ ಹೊತ್ತು ಬೇಕಾಯಿತು. ಒಲೆಯ ಮೇಲೆ ಕಾಗದ ಇಟ್ಟು ತೋರಿಸಿದೆ, ನನ್ನ ವೇಲಿನ ತುದಿ ಇಟ್ಟು ತೋರಿಸಿದೆ. ಕೊನೆಗೆ, ನೀನಿರೋವಾಗ ಮಾಡ್ಲಿ, ಆಮೇಲೆ ನೋಡಾಣ ಎಂದಳು. ಆ್ಯಪ್ ಹಾಕಿ ತಂದಿದ್ದ ಹಳೆಯ ಫೋನೊಂದನ್ನು ಮಸಾಲೆ ಡಬ್ಬಿಗಳ ಸಾಲಿನಲ್ಲಿ ನಿಲ್ಲಿಸಿದೆ. ದೊಡ್ಡಮ್ಮ ಒಲೆಯ ಮೈಯನ್ನು ಎರಡೂ ಕೈಯಲ್ಲಿ ಸವರಿ ನೋಡಿದಳು. ಕಲ್ಲಿನ ಹಂಗೈತೆ, ಇದಕ್ಕೆ ಬಾಯಿ ಎಲ್ಲಿ ಎಂದು ಕೇಳಿದಳು. ಬಾಯಿ ಇಲ್ಲ, ಕಿವಿ ಐತೆ ಎಂದೆ. ಒಳ್ಳೆ ಸೊಸೆ ಎಂದಳು. ಅತ್ತಿಗೆ ಕೂಡ ನಕ್ಕಳು.

ಒಲೆ ಹಚ್ಚವ್ವ ಎಂದರೆ ಹತ್ತಿತು. ಉರಿ ಜಾಸ್ತಿ ಮಾಡು ಎಂದರೆ ಜಾಸ್ತಿಯಾಯಿತು, ಸಣ್ಣಗೆ ಮಾಡು ಎಂದರೆ ಸಣ್ಣಗಾಯಿತು. ಶ್ರೀರಾಂಪುರದ ಮುದುಕಿಯ ‘ಹಿಂದಕ್ಕೆ ಎಳಿ’ಯನ್ನು ನಾನು ಹಟ ಹಿಡಿದು ಸೇರಿಸಿದ್ದೆ, ದೊಡ್ಡಮ್ಮನ ಬಾಯಲ್ಲಿ ತಾನಾಗಿಯೇ ಅದು ಬಂತು, ಒಲೆ ಕೇಳಿತು. ನನಗೆ ಹೆಮ್ಮೆಯಿಂದ ಕುಣಿಯಬೇಕು ಅನಿಸಿತು. ಎಸರಿಟ್ಟಳು, ಹಿಟ್ಟು ಹಾಕಿದಳು, ಕೋಲಿನಿಂದ ತಿರುವಿದಳು. ಎಷ್ಟೋ ದಿನದ ಮೇಲೆ ಅವಳ ರಟ್ಟೆ ಅಲುಗಾಡುವುದನ್ನು ನೋಡಿದೆ. ಮುದ್ದೆ ಕಟ್ಟಿದಳು. ಆಮೇಲೆ ಪಕ್ಕದಲ್ಲಿದ್ದ ಹಾಲಿನ ಪಾತ್ರೆ ಒಲೆಯ ಮೇಲಿಟ್ಟಳು. ಹಾಲು ಉಕ್ಕಲು ಬರುವ ಸದ್ದು ಕೇಳಿತು. ಸದ್ದಿನಿಂದಲೇ ಅವಳಿಗೆ ಗೊತ್ತಾಗುತ್ತಿತ್ತು. ಒಲೆಯ ಕಡೆಗೆ ಬಾಗಿ ಮೆಲ್ಲಗೆ ಹೇಳಿದಳು, “ಆತು ಕಣವ್ವ, ಒಲೆ ದೊಡ್ಡದು ಮಾಡು.”

ಒಲೆ ಮಾಡಿತು. ಹೇಳಿದ್ದನ್ನೇ ಮಾಡಿತು. ಬೀಪ್ ಎಂದು ಉರಿಯನ್ನು ಮೇಲಿನ ತುದಿಗೆ ಒಯ್ದಿತು. ಹಾಲು ಎದ್ದು ಪಾತ್ರೆಯ ಹೊರಗೆ ಸುರಿಯಿತು. ದೊಡ್ಡಮ್ಮನಿಗೆ ಕಾಣಿಸಲಿಲ್ಲ, ಒಲೆ ನಿಂತಿದೆ ಎಂದುಕೊಂಡು ಪಾತ್ರೆ ಇಳಿಸಲು ಕೈ ಚಾಚಿದಳು. ಬಿಸಿ ಹಾಲು ಬೆರಳುಗಳ ಮೇಲೆ ಬಿತ್ತು. ಅವಳು ಕೂಗಲಿಲ್ಲ. ಯಾಕವ್ವ, ಯಾಕವ್ವ ಎಂದು ಒಲೆಯನ್ನೇ ಕೇಳಿದಳು. ನಾನು ಹಾರಿ ಹೋಗಿ ಗೋಡೆಯ ಸ್ವಿಚ್ಚು ಒತ್ತಿದೆ. ಅತ್ತಿಗೆ ಅತ್ತೆಯ ಕೈಯನ್ನು ಹಿಡಿದು ನಲ್ಲಿಯ ಕೆಳಗೆ ಇಟ್ಟಳು.

ಬೆರಳುಗಳು ಕೆಂಪಾದವು, ಬೊಬ್ಬೆ ಬರಲಿಲ್ಲ. ಆದರೆ ಅತ್ತಿಗೆಯ ಮಟ್ಟಿಗೆ ಮಾತು ಮುಗಿದಿತ್ತು. ಹಾಲು ಒರೆಸುತ್ತ, ನನ್ನ ಕಡೆ ನೋಡದೆ ಹೇಳಿದಳು, ಕಣ್ಣು ಕಾಣದವರಿಗೆ ಕಿವುಡು ಒಲೆ ತಂದು ಕೊಟ್ಟೆ ನೀನು, ಇನ್ನು ಇದು ಬ್ಯಾಡ. ಒಲೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟದ ಮೇಲೆ ಹಾಕಿದಳು. ದೊಡ್ಡಮ್ಮ ಗೋಡೆಯ ಪಕ್ಕದ ತನ್ನ ಜಾಗಕ್ಕೆ ಹೋಗಿ ಕೂತಳು. ಅವಳು ಮಾಡಿದ ಮುದ್ದೆಯನ್ನು ನಾವೆಲ್ಲ ಉಂಡೆವು. ಅವಳೇ ಉಣ್ಣಲಿಲ್ಲ.

ಮಾರನೆಯ ದಿನ ಆಫೀಸಿನಲ್ಲಿ ಇದನ್ನು ಹೇಳಿದೆ. ‘ದೊಡ್ಡದು ಮಾಡು’ ಎಂದರೆ ಒಲೆ ನಿಲ್ಲಬೇಕು ಎಂದೆ. ಯಜಮಾನರು ನನ್ನನ್ನು ಪಿಳಿಪಿಳಿ ನೋಡಿದರು. ಅವರ ಪಾಲಿಗೆ ದೊಡ್ಡದು ಎಂದರೆ ದೊಡ್ಡದೇ. ಹೊಸದುರ್ಗದಲ್ಲಿ ಅವರ ಅಜ್ಜಿಯೂ ಹಾಗೇ ಅನ್ನುತ್ತಿದ್ದಳಂತೆ, ಆದರೆ ಅದು ದೀಪಕ್ಕೆ ಮಾತ್ರ ಅಂತ ಅಂದುಕೊಂಡಿದ್ದರಂತೆ. ಕೋಡಿನ ಹುಡುಗಿ ನಾನು ತಂದ ರೆಕಾರ್ಡುಗಳನ್ನೆಲ್ಲ ಮತ್ತೆ ಹಾಕಿ ಕೇಳಿಸಿದಳು. ದೊಡ್ಡದು ಮಾಡು ಎಂದವರಲ್ಲಿ ಹೆಚ್ಚಿನವರು ಉರಿ ಏರಿಸಲಿಕ್ಕೇ ಹೇಳಿದ್ದರು. ಅವರೂ ದೊಡ್ಡಮ್ಮನೂ ಹೇಳುವುದು ಒಂದೇ ಮಾತು. ಒಬ್ಬರಿಗೆ ಉರಿ ಏರಬೇಕು, ಇನ್ನೊಬ್ಬರಿಗೆ ಒಲೆ ಮಲಗಬೇಕು. ಒಲೆಗೆ ಅದು ಹೇಗೆ ಗೊತ್ತಾಗಬೇಕು? ಒಬ್ಬರ ಕೈ ಉಳಿಸಲು ಹೋಗಿ ಇನ್ನೊಬ್ಬರ ಅನ್ನ ಹಸಿ ಉಳಿಯುವುದು ಬೇಡಮ್ಮ ಎಂದರು ಯಜಮಾನರು. ನಾನು ಜಗಳಕ್ಕೆ ಸಿದ್ಧವಾಗಿ ಬಂದಿದ್ದೆ. ಜಗಳವಾಡಲು ಅವರ ಮಾತಿನಲ್ಲಿ ತಪ್ಪು ಸಿಗಲಿಲ್ಲ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಉಳಿದದ್ದು ಒಂದೇ ದಾರಿ, ದೊಡ್ಡಮ್ಮನೇ ಮಾತು ಬದಲಿಸಬೇಕು. ಮುಂದಿನ ಭಾನುವಾರ ರಾಮಗಿರಿಗೆ ಹೋಗಿ ಅವಳ ಪಕ್ಕ ಕೂತೆ. ಒಂದೇ ಒಂದು ಮಾತು ಬದಲಾಯಿಸು, ಆರಿಸು ಅನ್ನು, ಇಲ್ಲ ಬಂದ್ ಮಾಡು ಅನ್ನು, ಅತ್ತಿಗೆಯನ್ನು ನಾನು ಒಪ್ಪಿಸುತ್ತೇನೆ ಎಂದೆ. ಆ್ಯಪ್ ಎಂದರೆ ಏನು, ಯಾಕೆ ಅದಕ್ಕೆ ನಮ್ಮ ಮಾತು ತಿಳಿಯುವುದಿಲ್ಲ ಎಂದೆಲ್ಲ ವಿವರಿಸಿದೆ. ಅವಳು ಕೇಳಿಸಿಕೊಂಡಳು. ಕೆಂಪು ಆರಿದ್ದ ಬೆರಳುಗಳನ್ನು ಒಂದೊಂದಾಗಿ ನೀವಿಕೊಂಡಳು. ಆಮೇಲೆ ಹೇಳಿದಳು, “ಒಲೆ ಆರಿದ್ ಮನೆ ನೋಡೀನಿ ಕಣವ್ವ ನಾನು. ನಿಮ್ಮ ದೊಡ್ಡಪ್ಪನ್ನ ಎತ್ತಿದ ದಿನ ಇದೇ ಮನ್ಯಾಗೆ ನೋಡೀನಿ. ಆ ಮಾತು ನನ್ನ ಬಾಯಾಗೆ ಬರಲ್ಲ. ಅಡುಗೆ ಮಾಡ್ದೆ ಇದ್ರೂ ಆತು.”

ನನಗೆ ಅಳು ಬಂತು. ಅವಳಿಗೆ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ಕೂತಲ್ಲೇ ಅತ್ತೆ. ಅವಳಿಗೆ ಬೇಕಾದ್ದು ಒಲೆ. ಅದಕ್ಕೆ ನಾನು ಕೇಳಿದ ಬೆಲೆ ಅವಳ ಬಾಯಿಗೆ ಭಾರವಾಗಿತ್ತು. ಬಂದ್ ಮಾಡು ಅನ್ನುವುದನ್ನೂ ಅವಳು ಒಪ್ಪಲಿಲ್ಲ. ಬಾಗಿಲು ಬಂದ್, ಅಂಗಡಿ ಬಂದ್, ಒಲೆ ಎಲ್ಲಾದರೂ ಬಂದ್ ಆಗುವುದುಂಟೇ ಎಂದಳು.

ಅತ್ತಿಗೆ ಊಟಕ್ಕೆ ಕರೆದಳು. ನನಗೆ ಬಡಿಸುವುದನ್ನು ಮಾತ್ರ ದೊಡ್ಡಮ್ಮ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನಾನು ಬಂದ ದಿನ ಪಾತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು, ನನ್ನ ತಟ್ಟೆಯ ಅಂಚನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಸೌಟು ಇಳಿಸುತ್ತಿದ್ದಳು. ಅವತ್ತೂ ಒಂದು ಸೌಟು ಬಿತ್ತು, ಎರಡು ಬಿತ್ತು. ಸಾಕು ದೊಡ್ಡಮ್ಮ ಎಂದೆ. ಮೂರನೆಯದು ಬಿತ್ತು. ಸಾಕು, ಸಾಕು, ಸಾಕೇ ಸಾಕು ಎಂದು ಕೈ ಅಡ್ಡ ಇಟ್ಟೆ. ಹಾಗೆ ಕೈ ಅಡ್ಡ ಇಟ್ಟುಕೊಂಡಿದ್ದಾಗಲೇ ಹೊಳೆಯಿತು. ನಾನು ಊರೂರು ತಿರುಗಿ ತಂದ ಮಾತುಗಳಲ್ಲಿ ಎಲ್ಲೂ ಒಬ್ಬರೂ ಉರಿ ಏರಿಸಲು ಸಾಕು ಅಂದಿರಲಿಲ್ಲ. ಯಾರು ತಾನೇ ಅಂದಾರು? ನನ್ನ ಕೈಯ ಮೇಲೆ ಸಾರು ಹರಿಯುತ್ತಿತ್ತು, ನಾನು ನಗುತ್ತಿದ್ದೆ. ಅತ್ತಿಗೆ, ಇವಳಿಗೇನಾತು ಎಂದಳು.

ದೊಡ್ಡಮ್ಮ, ಒಲೆಗೆ ‘ಸಾಕು’ ಅನ್ನುತ್ತೀಯಾ ಎಂದು ಕೇಳಿದೆ. ಅವಳು ಸೌಟು ಹಿಡಿದುಕೊಂಡೇ ಯೋಚಿಸಿದಳು. ಅವಳಿಗೂ ಎಲ್ಲೋ ಒಂದು ಕಡೆ ಆಸೆ ಇತ್ತು. ಸಾಕು ಎಂದರೆ ತಪ್ಪಿಲ್ಲ, ಆದರೆ ಬರೀ ಸಾಕು ಅನ್ನಬಾರದು, ಬೇಡ ಅಂದ ಹಾಗೆ ಆಗುತ್ತದೆ ಎಂದಳು. ಮತ್ತೆ ನಾಳೆಯೂ ಬೇಕಲ್ಲ ಅದು. ಕೊನೆಗೆ ತಾನೇ ತೀರ್ಮಾನ ಕೊಟ್ಟಳು, “ಇವತ್ತಿಗೆ ಸಾಕವ್ವ ಅಂತೀನಿ. ಅದಕ್ಕೆ ತಿಳಿತೈತಾ ಕೇಳು.”

ತಿಳಿಯುವಂತೆ ಮಾಡುವುದು ಕೋಡಿನ ಹುಡುಗಿಯ ಕೆಲಸ. ಸಾಕು ಎಂಬ ಮಾತು ಎಲ್ಲಿ ಕೇಳಿದರೂ, ಅದರ ಹಿಂದೆ ಮುಂದೆ ಏನೇ ಇದ್ದರೂ ಒಲೆ ನಿಲ್ಲಬೇಕು. ಅವಳು ಮೊದಲು ತಕರಾರು ತೆಗೆದಳು: “ಅಕ್ಕ, ಸಾಕು ಅಂದ್ರೆ ನಾಯಿ ಸಾಕೋದು, ಕುರಿ ಸಾಕೋದೂ ಐತಲ್ಲ. ಯಾರಾದ್ರೂ ಒಲೆ ಮುಂದೆ ಕುರಿ ಸಾಕೋ ಮಾತಾಡಿದ್ರೆ?” ಒಲೆ ನಿಂತುಹೋದರೆ ಮತ್ತೆ ಹಚ್ಚಿಕೊಳ್ಳುತ್ತಾರೆ, ಯಾರ ಕೈಯೂ ಸುಡುವುದಿಲ್ಲ ಎಂದೆ. ಯಜಮಾನರು ಇದಕ್ಕೆ ಒಪ್ಪಿದರು. ಜೊತೆಗೆ, ಒಲೆ ನಿಂತ ಮೇಲೆ ‘ನಿಂತೆ’ ಎಂದು ಬಾಯಿಬಿಟ್ಟು ಹೇಳಬೇಕು, ಕಾಣದವರಿಗೆ ಕೇಳಿಸಲಿ ಎಂದು ಅವರೇ ಸೇರಿಸಿದರು. ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಅಂದೇ ಇಳಿಯಿತು. ದೊಡ್ಡದು ಮಾಡು ಎಂದರೆ, ಏರಿಸಲೇ ನಿಲ್ಲಿಸಲೇ ಎಂದು ಒಲೆ ವಾಪಸು ಕೇಳುವಂತೆಯೂ ಮಾಡಿದೆವು. ಆ ಹುಡುಗಿ ಕೆಲಸ ಮುಗಿಸಿ, ಒಲೆಯ ಮುಂದೆ ನಿಂತು ಹಿರಿಯೂರಿನ ರಾಗದಲ್ಲಿ ಸಾಕಮ್ಮಾ ತಾಯೀ ಎಂದಳು. ಒಲೆ ‘ನಿಂತೆ’ ಎಂದಿತು.

ಅತ್ತಿಗೆಯನ್ನು ಒಪ್ಪಿಸುವುದು ಇದೆಲ್ಲಕ್ಕಿಂತ ಕಷ್ಟವಾಯಿತು. ಅಣ್ಣ ನಡುವೆ ಬಂದು, ಅವ್ವ ಕೂತಲ್ಲೇ ಕರಗಿ ಹೋಗೋದನ್ನ ನೋಡಾಕಾಗ್ತಿಲ್ಲ, ಒಂದು ಸಲ ಬಿಡು ಎಂದ. ಒಂದು ಸಲ ಅಂದರೆ ಒಂದೇ ಸಲ, ಇನ್ನೊಮ್ಮೆ ಏನಾದರೂ ಆದರೆ ಈ ಕಲ್ಲನ್ನು ಬೆಟ್ಟದ ಮೇಲಿಂದ ಉರುಳಿಸುತ್ತೇನೆ ಎಂದು ಅತ್ತಿಗೆ ಅಟ್ಟದಿಂದ ಒಲೆ ಇಳಿಸಿದಳು. ತಾನು ಗೋಡೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನಿಂತಳು. ಅಡುಗೆ ಮುಗಿಯುವ ತನಕ ಆ ಬೆರಳು ಅಲ್ಲಿಂದ ಕದಲಲಿಲ್ಲ.

ದೊಡ್ಡಮ್ಮ ಅವತ್ತು ಹಠಕ್ಕೆ ಬಿದ್ದವಳಂತೆ ಎಲ್ಲವನ್ನೂ ಮಾಡಿದಳು. ಹುರುಳಿ ಬೇಯಿಸಿ ಕಟ್ಟು ಬಸಿದಳು, ಒಗ್ಗರಣೆ ಕೊಟ್ಟಳು, ಮುದ್ದೆ ತಿರುವಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಕೊನೆಗೆ ಹಾಲು. ಹಾಲಿನ ಸದ್ದು ಏರಿತು. ಅವಳು ಬಾಯಿ ತೆರೆದಳು, ಹಳೆಯ ಮಾತು ತುದಿ ನಾಲಿಗೆಗೆ ಬಂದದ್ದು ನನಗೆ ಕಂಡಿತು. ಅತ್ತಿಗೆಯ ಬೆರಳು ಬಿಳಿಚಿತು. ದೊಡ್ಡಮ್ಮ ಒಂದು ಗಳಿಗೆ ತಡೆದು, ಒಲೆಯ ಅಂಚು ಮುಟ್ಟಿ, ಊರಿಗೆ ಹೋಗುವ ಮಗಳಿಗೆ ಹೇಳುವ ದನಿಯಲ್ಲಿ ಹೇಳಿದಳು, “ಇವತ್ತಿಗೆ ಸಾಕವ್ವ.”

ನಿಂತೆ, ಎಂದಿತು ಒಲೆ. ಹಾಲು ಅಂಚಿನ ತನಕ ಬಂದು ತಣ್ಣಗೆ ಇಳಿದುಹೋಯಿತು. ದೊಡ್ಡಮ್ಮ ಸೊಸೆಯ ಕಡೆ ತಿರುಗಿ, ಈ ಮನೆಗೆ ಬಂದವರಲ್ಲಿ ಒಂದೇ ಮಾತಿಗೆ ಕೇಳಿದ್ದು ಇದೊಂದೇ ನೋಡು ಎಂದಳು. ಅತ್ತಿಗೆ ಸ್ವಿಚ್ಚಿನಿಂದ ಬೆರಳು ತೆಗೆದಳು. ತಟ್ಟೆ ತರುತ್ತೀನಿ ಎಂದು ಒಳಗೆ ಹೋದಳು. ದೊಡ್ಡಮ್ಮನೇ ಎಲ್ಲರಿಗೂ ಬಡಿಸಿದಳು. ತಾನೂ ಉಂಡಳು.

ಆಮೇಲೆ ಬಹಳ ಕಾಲ ಆ ಅಡುಗೆಮನೆ ಅತ್ತೆ ಸೊಸೆ ಇಬ್ಬರದೂ ಆಯಿತು. ಜಗಳವೂ ಹೆಚ್ಚಾಯಿತು, ಸಾರಿನ ರುಚಿಯೂ ಹೆಚ್ಚಾಯಿತು. ನಮ್ಮ ಆ್ಯಪ್ ಕಂಪನಿಯ ಒಲೆಗಳ ಜೊತೆ ಎಲ್ಲೆಲ್ಲಿಗೋ ಹೋಯಿತು. ಯಾವ ಊರಿನಲ್ಲಿ ಯಾರು ಸಾಕು ಅಂದರೂ ಆ ಒಲೆ ನಿಲ್ಲುತ್ತದೆ. ಅದು ಯಾರ ಮಾತು ಎಂದು ಅವರಿಗೆ ತಿಳಿಯುವುದಿಲ್ಲ. ನಾನು ಈಗ ಬೇರೆ ಕೆಲಸದಲ್ಲಿದ್ದೇನೆ. ಆ ಹುಡುಗಿ ಹಿರಿಯೂರಿನಲ್ಲಿ ಮದುವೆಯಾಗಿ ಅಲ್ಲೇ ಇದ್ದಾಳೆ, ಆಗಾಗ ಫೋನು ಮಾಡುತ್ತಾಳೆ.

ದೊಡ್ಡಮ್ಮ ಹೋದದ್ದು ಒಂದು ಮಧ್ಯಾಹ್ನ, ಎಲ್ಲರಿಗೂ ಬಡಿಸಿ ಆದ ಮೇಲೆ, ಸ್ವಲ್ಪ ಅಡ್ಡಾಗುತ್ತೇನೆ ಎಂದು ಮಲಗಿದವಳು ಏಳಲಿಲ್ಲ. ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅಕ್ಕಪಕ್ಕದವರು ಅನ್ನ ತಂದುಕೊಟ್ಟರು. ಕಾರ್ಯವೆಲ್ಲ ಮುಗಿದು ಮತ್ತೆ ಒಲೆ ಹಚ್ಚಿದ ದಿನ ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಅತ್ತಿಗೆಗೆ ಕಣ್ಣು ಚೆನ್ನಾಗಿತ್ತು, ಬೆರಳು ಗುಂಡಿಯ ಪಕ್ಕದಲ್ಲೇ ಇತ್ತು. ಅಲ್ಲಿಯವರೆಗೂ ಅವಳು ಯಾವತ್ತೂ ಆ ಒಲೆಯ ಜೊತೆ ಮಾತಾಡಿದವಳಲ್ಲ; ಅದೆಲ್ಲ ಅತ್ತೆಯ ಹುಚ್ಚು ಅನ್ನುತ್ತಿದ್ದಳು. ಅವತ್ತು ಸಾರು ಇಳಿಸುವ ಮೊದಲು ಅತ್ತಿಗೆ ಗುಂಡಿ ಮುಟ್ಟಲಿಲ್ಲ. ಇವತ್ತಿಗೆ ಸಾಕವ್ವ, ಎಂದಳು. ನಿಂತೆ, ಎಂದಿತು ಒಲೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಚಿತ್ರದುರ್ಗದ ನನ್ನ ಮನೆಯಲ್ಲೂ ಅದೇ ಒಲೆ ಇದೆ. ಹುರುಳಿ ಕಟ್ಟಿನ ಸಾರು ಮಾಡುತ್ತೇನೆ, ಅವಳ ಕೈಯ ರುಚಿ ಬರುವುದಿಲ್ಲ, ಮಾಡುವುದನ್ನು ಬಿಟ್ಟಿಲ್ಲ. ಮಾಡಿ ಮುಗಿಸಿ ಸಾಕು ಅನ್ನುತ್ತೇನೆ. ಒಲೆ ಅದೇ ಕ್ಷಣಕ್ಕೆ ನಿಲ್ಲುತ್ತದೆ, ಹಾಗೆ ನಿಲ್ಲಲಿ ಎಂದು ಹೇಳಿಕೊಟ್ಟವಳೇ ನಾನು. ಆಮೇಲೆ ತಟ್ಟೆಗೆ ನಾನೇ ಬಡಿಸಿಕೊಳ್ಳುತ್ತೇನೆ. ಒಂದು ಸೌಟು, ಎರಡು ಸೌಟು. ಅಭ್ಯಾಸ ಬಲದಿಂದ ಎಡಗೈ ತಟ್ಟೆಗೆ ಅಡ್ಡ ಬರುತ್ತದೆ. ಬೆರಳುಗಳ ಮೇಲೆ ಏನೂ ಬೀಳುವುದಿಲ್ಲ.